ತಪ್ಪು ಕ್ರಿಕೆಟ್ಟಿನದಲ್ಲ

ಕ್ರಿಕೆಟ್ ಹುಚ್ಚಿನಿಂದಾಗಿ ಬೆಂಗಳೂರಿನ ಮಕ್ಕಳಿಗೆ ಫುಟ್‌ಬಾಲ್ ಬೇಡವಾಗಿದೆ, ಅದಕ್ಕೇ ದೊಡ್ಡ ಆಟಗಾರರು ಹುಟ್ಟುತ್ತಿಲ್ಲ ಎಂಬುದು ಕಳೆದ ವಾರದ ಲೇಖನವೊಂದರ ವಾದ. ಕ್ರಿಕೆಟ್ಟಿನಲ್ಲಿ ದುಡ್ಡು, ಹೆಸರು ಹೆಚ್ಚು, ಒಪ್ಪೋಣ. ಉಳಿದದ್ದು ಒಪ್ಪುವ ಮಾತಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಪ್ರಸನ್ನ, ಚಂದ್ರಶೇಖರ್ ಟೆಸ್ಟ್ ಆಡುತ್ತಿದ್ದ ಕಾಲದಲ್ಲೇ, 1968-69ರಲ್ಲಿ, ಮೈಸೂರು (ಇಂದಿನ ಕರ್ನಾಟಕ) ತಂಡ ರಾಜ್ಯಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಿತು. ಮತ್ತೆ ಗೆದ್ದದ್ದು 2023ರಲ್ಲಿ. ಆ ಗೆಲುವುಗಳಿಗೆ ಕ್ರಿಕೆಟ್ ಅಡ್ಡಿಯಾಗಲಿಲ್ಲವೇಕೆ?

ಆಸಕ್ತಿಯೊಂದೇ ಸಾಕು ಎನ್ನುವವರು ಅಮೆರಿಕ ನೋಡಲಿ. ಅಲ್ಲಿ ಲಕ್ಷಾಂತರ ಮಕ್ಕಳು ಫುಟ್‌ಬಾಲ್ ಆಡುತ್ತಾರೆ. ಆದರೆ ಒಳ್ಳೆಯ ಕ್ಲಬ್ಬಿಗೆ ಅಪ್ಪ ಅಮ್ಮ ಶುಲ್ಕ ಕಟ್ಟಬೇಕು. ಬಡವರ ಮಕ್ಕಳು ಹೊರಗೇ ಉಳಿಯುತ್ತಾರೆ. ಆ ದೇಶದ ತಂಡ 2017ರಲ್ಲಿ ಪುಟ್ಟ ಟ್ರಿನಿಡಾಡ್‌ಗೆ ಸೋತು ವಿಶ್ವಕಪ್ ಅವಕಾಶ ಕಳೆದುಕೊಂಡಿತು.

ನಮ್ಮದೂ ಅದೇ ದಾರಿ. ಹನುಮಂತನಗರದ ಅಡ್ಡರಸ್ತೆಯಲ್ಲಿ ಎರಡು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡ ಹುಡುಗರು ಆಟೊ ಬಂದಾಗಲೆಲ್ಲ ಚೆಂಡು ಎತ್ತಿಕೊಂಡು ಗೋಡೆಗೆ ಒರಗುತ್ತಾರೆ. ಟರ್ಫ್‌ಗೆ ಹೋಗೋಣವೆಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಅಕಾಡೆಮಿಗೆ ತಿಂಗಳ ಶುಲ್ಕ, ಬೂಟು ಬೇರೆ. ಇವರಿಗೆ ಆಸಕ್ತಿಯಿಲ್ಲ ಎನ್ನುವುದು ಅನ್ಯಾಯ. ಪಾಲಿಕೆಯ ಮೈದಾನಗಳಲ್ಲಿ ಸಂಜೆ ಉಚಿತ ತರಬೇತಿ, ಸರ್ಕಾರಿ ಶಾಲೆಗಳ ನಡುವೆ ವರ್ಷವಿಡೀ ಲೀಗ್ ನಡೆಯಲಿ. ಲೇಖಕರು ಕೇಳಬೇಕಿದ್ದದ್ದು ಇದನ್ನು.