ತಪ್ಪಿದ ಹೊಡೆತ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಹೊಲಗಳು ಬರಿದಾದಾಗ ಬಾಲಕರು ಚಿಣ್ಣಿ-ದಾಂಡು ಹಿಡಿದು ಬಯಲಿಗೆ ಇಳಿಯುವುದು ಹಳೆಯ ರೂಢಿ. ಪೆಟ್ಟು ಸರಿಯಾಗಿ ಬಿದ್ದರೆ ಆಡಿದವನ ಮುಖ ಅರಳುತ್ತದೆ. ತಪ್ಪಿದರೆ ಒಬ್ಬನು ದಾಂಡು ಸೊಟ್ಟಗಿದೆ ಎನ್ನುತ್ತಾನೆ. ಇನ್ನೊಬ್ಬನು ಗಾಳಿಯನ್ನು ದೂರುತ್ತಾನೆ. ಮತ್ತೊಬ್ಬನು ದಾಂಡನ್ನೆಸೆದು ಮನೆಯ ಹಾದಿ ಹಿಡಿಯುತ್ತಾನೆ. ತನ್ನ ಕಣ್ಣು ಚಿಣ್ಣಿಯ ಮೇಲಿರಲಿಲ್ಲವೆಂದು ಒಪ್ಪಿಕೊಳ್ಳುವವನು ಅಪರೂಪ. ‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆ ಇಂಥ ಮನೋಧರ್ಮವನ್ನು ಕಂಡೇ ಹುಟ್ಟಿರಬೇಕು.

ಇಂಥ ನೆಪಗಳಿಗೆ ಅತಿ ಕಡಿಮೆ ಎಡೆಯಿರುವ ಆಟವೆಂದರೆ ಸ್ಕಾಟ್‌ಲೆಂಡಿನಲ್ಲಿ ಬೆಳೆದು ಬಂದ ಗಾಲ್ಫ್. ವಿಶಾಲವಾದ ಹುಲ್ಲುಗಾವಲಿನಲ್ಲಿ ಸಣ್ಣ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ, ಒಂದಾದ ಮೇಲೊಂದರಂತೆ 18 ಕುಳಿಗಳಿಗೆ ಬೀಳಿಸಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ವಿಜಯಿಗಳು. ಕ್ರಿಕೆಟ್ಟಿನಲ್ಲಿ ಚೆಂಡನ್ನು ಎದುರಾಳಿ ಎಸೆಯುತ್ತಾನೆ. ಗಾಲ್ಫಿನಲ್ಲಾದರೋ ಚೆಂಡು ನಿಶ್ಚಲವಾಗಿ ಕಾಲ ಬಳಿ ಬಿದ್ದಿರುತ್ತದೆ. ಹೊಡೆತ ಕೆಟ್ಟರೆ ಅದು ಪೊದೆಗೋ ಮರಳಿನ ಗುಂಡಿಗೋ ಉರುಳುತ್ತದೆ. ಚೆಂಡು ಬಿದ್ದಲ್ಲಿಂದಲೇ ಮುಂದಿನ ಹೊಡೆತ ಹೊಡೆಯಬೇಕೆಂಬುದು ಆಟದ ಮೂಲ ನಿಯಮ.

ಅಮೆರಿಕದ ಬಾಬಿ ಜೋನ್ಸ್ ಅವರು ಸ್ಪರ್ಧೆಯ ಕಣದಲ್ಲಿದ್ದಷ್ಟು ಕಾಲವೂ ಹಣಕ್ಕಾಗಿ ಆಡದೆ ಹವ್ಯಾಸಿಯಾಗಿಯೇ ಉಳಿದವರು. ತಾರುಣ್ಯದಲ್ಲಿ ಅವರಿಗೆ ಮುಂಗೋಪವಿತ್ತು. ಹೊಡೆತ ತಪ್ಪಿದರೆ ಕೋಲನ್ನು ಎಸೆಯುತ್ತಿದ್ದರು. 1921ರಲ್ಲಿ, 19ನೆಯ ವಯಸ್ಸಿನಲ್ಲಿ, ಅವರು ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್ ಮೈದಾನದಲ್ಲಿ ಪ್ರಸಿದ್ಧವಾದ ಓಪನ್ ಸ್ಪರ್ಧೆಗೆ ಇಳಿದರು. ಮೂರನೆಯ ಸುತ್ತಿನಲ್ಲಿ ಹೊಡೆತಗಳು ಒಂದರ ಹಿಂದೆ ಒಂದು ಕೆಟ್ಟವು. ಹನ್ನೊಂದನೆಯ ಕುಳಿಯ ಬಳಿ ಚೆಂಡು ಮರಳಿನ ಗುಂಡಿಯಲ್ಲಿ ಸಿಲುಕಿದಾಗ ಅವರು ಬೇಸತ್ತು ಸ್ಪರ್ಧೆಯನ್ನೇ ಕೈಬಿಟ್ಟರು. ಆ ಮೈದಾನವೂ ಆಗ ಅವರಿಗೆ ಹಿಡಿಸಿರಲಿಲ್ಲ. ಆದರೆ ಕಾಲಕ್ರಮದಲ್ಲಿ, ಡೊಂಕು ನೆಲದಲ್ಲಿರಲಿಲ್ಲ, ತಮ್ಮ ಸ್ವಭಾವದಲ್ಲಿತ್ತೆಂಬುದನ್ನು ಅವರು ಅರಿತರು. ಆಟವನ್ನು ಅರ್ಧಕ್ಕೆ ಬಿಟ್ಟುದಕ್ಕಾಗಿ ಪಶ್ಚಾತ್ತಾಪಪಟ್ಟರು.

ಈ ಅರಿವಿನ ಪರೀಕ್ಷೆ 1925ರ ಅಮೆರಿಕದ ಓಪನ್ ಸ್ಪರ್ಧೆಯಲ್ಲಿ ನಡೆಯಿತು. ಹೊಡೆಯಲು ಅಣಿಯಾದಾಗ ಚೆಂಡು ತುಸು ಅಲುಗಿತು. ಅಧಿಕಾರಿಗಳು ಅದನ್ನು ಕಂಡಿರಲಿಲ್ಲ. ಜೋನ್ಸ್ ತಾವಾಗಿಯೇ ತಪ್ಪನ್ನು ತಿಳಿಸಿ, ತಮ್ಮ ಲೆಕ್ಕಕ್ಕೆ ಒಂದು ಹೊಡೆತವನ್ನು ದಂಡವಾಗಿ ಸೇರಿಸಿಕೊಂಡರು. ಸ್ಪರ್ಧೆ ಸಮಸಮವಾಗಿ, ಮರುಪಂದ್ಯದಲ್ಲಿ ಪ್ರಶಸ್ತಿ ಕೈತಪ್ಪಿತು. ಆದರೆ 1927ರಲ್ಲಿ ಅವರು ಅದೇ ಸೇಂಟ್ ಆಂಡ್ರೂಸಿಗೆ ಮರಳಿ ಓಪನ್ ಗೆದ್ದರು. 1958ರಲ್ಲಿ ಆ ಊರು ಅವರಿಗೆ ಗೌರವ ಪೌರತ್ವವನ್ನಿತ್ತು ಸನ್ಮಾನಿಸಿತು. ಒಮ್ಮೆ ಬೆನ್ನು ತೋರಿಸಿ ಹೋದವರನ್ನು ಊರೇ ತನ್ನವರೆಂದು ಅಪ್ಪಿಕೊಂಡಿತು.

ಕನ್ನಡ ನಾಡಿನಲ್ಲಿಯೂ ಇಂಥ ಉದಾಹರಣೆಯುಂಟು. ಬೆಂಗಳೂರಿನ ಅದಿತಿ ಅಶೋಕ್ ಹವ್ಯಾಸಿಯಾಗಿ ಬೆಳೆದು 2016ರಲ್ಲಿ ವೃತ್ತಿಪರ ಆಟಕ್ಕೆ ಕಾಲಿಟ್ಟವರು. 2023ರಲ್ಲಿ ಚೀನಾದ ಹ್ಯಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ, ಮೂರು ಸುತ್ತುಗಳು ಮುಗಿದಾಗ ಅವರು ಏಳು ಹೊಡೆತಗಳಷ್ಟು ಮುಂದಿದ್ದರು. ಕಡೆಯ ಸುತ್ತಿಗೆ 77 ಹೊಡೆತಗಳು ಬೇಕಾಗಿ, ಚಿನ್ನ ಜಾರಿ ಬೆಳ್ಳಿ ಉಳಿಯಿತು. ಎರಡು ತಿಂಗಳು ಕಳೆಯುವ ಮೊದಲೇ, ಅದೇ ವರ್ಷದ ನವೆಂಬರಿನಲ್ಲಿ, ಅವರು ಸ್ಪೇನ್ ದೇಶದ ಸ್ಪರ್ಧೆಯೊಂದರಲ್ಲಿ ವಿಜಯಿಯಾದರು.

ಕೆಟ್ಟ ಹೊಡೆತವನ್ನು ಮರೆತುಬಿಡುವುದೇ ಲೇಸೆಂದು ಹೇಳುವವರುಂಟು. ಈ ಮಾತು ಅರ್ಧ ಸತ್ಯ. ತಪ್ಪಿನೊಡನೆ ಎರಡು ಸಂಗತಿಗಳು ಬರುತ್ತವೆ: ಒಂದು ಅವಮಾನ, ಇನ್ನೊಂದು ಕಾರಣ. ಮರೆಯಬೇಕಾದುದು ಅವಮಾನವನ್ನು, ನೆನೆಯಬೇಕಾದುದು ಕಾರಣವನ್ನು. ಬಹುಮಂದಿ ಇದಕ್ಕೆ ವ್ಯತಿರಿಕ್ತವಾಗಿ ನಡೆದು, ಅವಮಾನವನ್ನು ಎದೆಯಲ್ಲಿಟ್ಟುಕೊಂಡು ಕಾರಣವನ್ನು ಮರೆಯುತ್ತಾರೆ. ಬ್ಯಾಡಗಿ ಸೀಮೆಯ ರೈತನು ಹಾಗೆ ಮಾಡಲಾರ. ಸರಿಯಾಗಿ ಒಣಗದ ಮೆಣಸಿನಕಾಯಿಗೆ ಬೂಷ್ಟು ಹಿಡಿದು ಪೇಟೆಯಲ್ಲಿ ಬೆಲೆ ಕುಸಿದರೆ, ಅವನು ಬೇಸಾಯವನ್ನೇ ಬಿಡುವುದಿಲ್ಲ. ಮುಂದಿನ ಸಲ ಇನ್ನೆರಡು ದಿನ ಬಿಸಿಲಿಗೆ ಹರವುತ್ತಾನೆ.

ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯ ಗುರುತು ಬಿದ್ದಾಗಲೂ ಇದೇ ಪ್ರಶ್ನೆ ಏಳುತ್ತದೆ. ಅದನ್ನು ಮಡಿಚಿ ಬಚ್ಚಿಡುವವನಿಗೆ ಆ ಗುರುತು ಬರಿಯ ಗಾಯ. ಬಿಡಿಸಿ ನೋಡಿ, ಲೆಕ್ಕ ಯಾವ ಸಾಲಿನಲ್ಲಿ ತಪ್ಪಿತೆಂದು ಹುಡುಕುವವನಿಗೆ ಅದು ದಾರಿ ತೋರುವ ಕೈಮರ. ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾದನೆಂದು ಶಾಲೆಯನ್ನೇ ತೊರೆಯುವ ಬಾಲಕನು ಮರಳಿನ ಗುಂಡಿಯಲ್ಲಿ ಚೆಂಡನ್ನು ಬಿಟ್ಟು ಹೋದ ಹತ್ತೊಂಬತ್ತರ ಜೋನ್ಸರಂತೆ. ಆರು ವರ್ಷಗಳ ಅನಂತರ ಅವರು ಅದೇ ಮೈದಾನಕ್ಕೆ ಮರಳಿ ಬಂದರೆಂಬುದನ್ನು ಅಂಥ ಬಾಲಕನಿಗೆ ಯಾರಾದರೂ ಹೇಳಬೇಕು. ಆಟ ನಿಂತಿರುವುದಿಲ್ಲ, ಚೆಂಡು ಬಿದ್ದಲ್ಲಿಯೇ ಮುಂದಿನ ಹೊಡೆತಕ್ಕಾಗಿ ಕಾದಿರುತ್ತದೆ.