ಓರೆಕೋರೆಯ ಚಂದ ಯಾರಿಗೆ?

"ಕೈಯಲ್ಲಿ ಮಾಡಿದ್ದಲ್ವಾ, ಸ್ವಲ್ಪ ಓರೆಕೋರೆ ಇದ್ರೇನೇ ಚಂದ!" ನಾನೇ ಮಾಡಿದ ಕಾಫಿ ಟೇಬಲ್ಲಿನ ಬಿರುಕನ್ನು ಸವರುತ್ತಾ ಗೆಳೆಯರು ಹೀಗೆಂದಾಗ ಹಿಗ್ಗಿದ್ದೆ. ಈಗ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಬಿರುಕು ಕಲೆಯಲ್ಲ, ನನ್ನ ಅಜ್ಞಾನ. ಕೊಯ್ದು ಹಲಗೆಯಾದ ಮೇಲೂ ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಉದ್ದಕ್ಕಲ್ಲ, ಹೆಚ್ಚಾಗಿ ನಾರಿಗೆ ಅಡ್ಡಲಾಗಿ. ನಾನೋ ಮಳೆಗಾಲದಲ್ಲಿ ಹಲಸಿನ ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹಾಕಿ ಕೂರಿಸಿದ್ದೆ. ಬೇಸಿಗೆಗೆ ಸೀಳಿತು. ನಮ್ಮ ಬೀದಿಯ ಬಡಗಿ ಮೇಜನ್ನು ಬೋರಲು ಹಾಕಿ ನೋಡಿದರು. "ಸ್ಕ್ರೂ ತೂತು ಅಡ್ಡಕ್ಕೆ ಉದ್ದ ಬಿಡ್ಬೇಕಿತ್ತು ಸಾರ್, ಮರಕ್ಕೆ ಆಡೋಕೆ ಜಾಗ ಬೇಡ್ವಾ? ಅಡಿಗ್ಯಾಕೆ ಪಾಲಿಶ್ ಹಚ್ಚಿಲ್ಲ?" ಯಾರಿಗೂ ಕಾಣುವುದಿಲ್ಲವೆಂದು! ಪಾಲಿಶ್ ಇಲ್ಲದ ಬದಿಯೇ ಬೇಗ ತೇವ ಹೀರುವುದು, ಬಿಡುವುದು. ಹಲಗೆ ಸೊಟ್ಟಗಾಗುವುದು ಹಾಗೆ.

ಅವರು ಮಾಡಿದ ಮೇಜು ಹೀಗೆ ಸೀಳಿದ್ದರೆ ಯಾರಾದರೂ ಚಂದ ಎನ್ನುತ್ತಿದ್ದರೇ? ಕೂಲಿ ಹಿಡಿಯುತ್ತಿದ್ದರು. ಫೆಲೋಶಿಪ್ ದುಡ್ಡಿನಲ್ಲಿ ಹವ್ಯಾಸಕ್ಕೆ ಕೆತ್ತುವವನ ತಪ್ಪಿಗೆ ಸೌಂದರ್ಯಮೀಮಾಂಸೆ, ಹೊಟ್ಟೆಪಾಡಿಗೆ ಕೆತ್ತುವವರ ತಪ್ಪಿಗೆ ಬೈಗುಳ. ಅವರ ಅಚ್ಚುಕಟ್ಟಿಗೂ ಬೆಲೆಯಿಲ್ಲ, "ಅಂಗಡಿ ಮಾಲಿನ ಹಾಗಿದೆ" ಎನ್ನುತ್ತೇವೆ. ಶ್ರಮಸಂಸ್ಕೃತಿಯ ಬಗ್ಗೆ ನಾವು ಸಂಶೋಧಕರು ಅಧ್ಯಾಯಗಟ್ಟಲೆ ಬರೆಯುತ್ತೇವೆ (ನನ್ನದು 22 ಪುಟ). ಅಲ್ಲಿ ಬಡಗಿ ಬರೀ ಮಾಹಿತಿದಾರ. ಮಾಹಿತಿಯನ್ನು ಜ್ಞಾನವಾಗಿಸುವ ಗುತ್ತಿಗೆ ಮಾತ್ರ ನಮ್ಮದಂತೆ!

ಮೇಜನ್ನು ಬಿಚ್ಚಿ, ಹೊಸದಾಗಿ ತೂತು ಕೊರೆದು, ಎರಡೂ ಬದಿ ಪಾಲಿಶ್ ಹಚ್ಚಿ ಕೊಟ್ಟವರು ಅವರೇ. ಕೂಲಿ ಹೇಳಿದಾಗ ಚೌಕಾಸಿ ಮಾಡಲು ನಾನು ಬಾಯಿ ತೆರೆದದ್ದೂ ನಿಜ.