ಹೆಸರು ಕಳೆದುಕೊಂಡ ಗದೆಗಳು

ಕಾರವಾರದ ಕಡಲದಂಡೆಯಲ್ಲಿ ಸುಯ್ಗುಟ್ಟುವ ಗಾಳಿಮರವನ್ನು ನಮ್ಮಲ್ಲಿ ಅನೇಕರು ಬಲ್ಲರು. ಸರ್ವೆ ಎಂದೂ ಕರೆಯಿಸಿಕೊಳ್ಳುವ ಅದು ನಮಗೆ ಮರಳನ್ನು ಹಿಡಿದಿಡುವ ಮರ, ಒಲೆಗೆ ಒಳ್ಳೆಯ ಸೌದೆ. ಪೆಸಿಫಿಕ್ ಸಾಗರದ ಪಾಲಿನೇಶ್ಯ ದ್ವೀಪಗಳಲ್ಲಿ ಇದೇ ಮರದ ಹೆಸರು 'ತೋಆ'. ಅಲ್ಲಿನ ಹಲವು ಭಾಷೆಗಳಲ್ಲಿ ವೀರನಿಗೂ ಅದೇ ಪದ. ಲೋಹವನ್ನು ಬಳಸದಿದ್ದ ಆ ದ್ವೀಪವಾಸಿಗಳು ಕಬ್ಬಿಣದಷ್ಟು ಗಡುಸಾದ ಈ ಮರದಿಂದ ಯುದ್ಧದ ಗದೆಗಳನ್ನು ಕೆತ್ತಿದರು. ಮಾರ್ಕೇಸಸ್ ದ್ವೀಪಗಳ 'ಉಉ' ಎಂಬ ಗದೆ ಸುಮಾರು 5 ಅಡಿ ಉದ್ದವಿರುತ್ತದೆ. ಅದರ ತಲೆಭಾಗವೇ ಒಂದು ದೊಡ್ಡ ಮುಖ. ಆ ಮುಖದ ಕಣ್ಣುಗಳೊಳಗೆ ಮತ್ತೆ ಪುಟ್ಟ ಮುಖಗಳು. ಕೆಸುವಿನ ಗದ್ದೆಯ ಕೆಸರಿನಲ್ಲಿ ಹೂತಿಟ್ಟು, ಬಳಿಕ ತೆಂಗಿನೆಣ್ಣೆ ತಿಕ್ಕಿ ಅದಕ್ಕೆ ಕಪ್ಪು ಹೊಳಪು ಬರಿಸುತ್ತಿದ್ದರು. ನೆತ್ತಿಯಲ್ಲಿ ತುಸು ತಗ್ಗು: ಯೋಧನು ಅದನ್ನು ಕಂಕುಳಿಗೆ ಕೊಟ್ಟು ಒರಗಿ ನಿಲ್ಲುತ್ತಿದ್ದನು.

ಇಂಥ ಗದೆಗಳು ಇಂದು ಯುರೋಪು, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿ, ಸಿರಿವಂತರ ಗೋಡೆಗಳ ಮೇಲೆ, ಲಂಡನ್ ಮತ್ತು ಪ್ಯಾರಿಸ್ಸಿನ ಹರಾಜು ಮನೆಗಳಲ್ಲಿ ಕಾಣಸಿಗುತ್ತವೆ. ಹರಾಜಿನ ಪಟ್ಟಿಯಲ್ಲಿ ಮರದ ಜಾತಿ, ಉದ್ದ, ಹೊಳಪು, ಹಿಂದಿನ ಯುರೋಪಿಯನ್ ಒಡೆಯರ ಹೆಸರುಗಳು ಇರುತ್ತವೆ. ಕೆತ್ತಿದವನ ಹೆಸರು, ಹಿಡಿದು ಕಾದಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿಯೇ.

ಸಂಗ್ರಹವೆಲ್ಲ ಕಳವೆಂದು ನಾವು ಹೇಳುವುದಿಲ್ಲ. ಕ್ಯಾಪ್ಟನ್ ಕುಕ್‌ನ ನಾವಿಕರು ಮೊಳೆ, ಬಟ್ಟೆ, ಕೊಡಲಿಗಳನ್ನು ಕೊಟ್ಟು ಆಯುಧಗಳನ್ನು ಪಡೆದರು. ದ್ವೀಪವಾಸಿಗಳೂ ಚೌಕಾಸಿ ಬಲ್ಲವರೇ ಆಗಿದ್ದರು, ಮುಂದೆ ಮಾರುವುದಕ್ಕೆಂದೇ ಕೆತ್ತಿದರು ಕೂಡ. ಇತ್ತ 1772ರಲ್ಲಿ ಜೋಸೆಫ್ ಬ್ಯಾಂಕ್ಸ್ ಮಾವೊರಿಗಳ 'ಪತು' ಎಂಬ ಕಿರುಗದೆಯ ಮಾದರಿಯಲ್ಲಿ 40 ಹಿತ್ತಾಳೆಯ ಗದೆಗಳನ್ನು ಲಂಡನ್ನಿನಲ್ಲಿ ಎರಕ ಹೊಯ್ಯಿಸಿ, ತನ್ನ ಹೆಸರನ್ನೂ ಕುಲಲಾಂಛನವನ್ನೂ ಕೊರೆಯಿಸಿದ್ದನು. ಕೊಡುಕೊಳೆ ಎರಡೂ ಕಡೆಯಿಂದ ನಡೆದಿತ್ತು, ನಿಜ. ಆದರೆ ಕ್ರೈಸ್ತ ಮಿಷನರಿಗಳು ಬಿಡಿಸಿಕೊಂಡ ಆಯುಧಗಳು, ವಸಾಹತು ಯುದ್ಧಗಳಲ್ಲಿ ಸೋತವರಿಂದ ಎತ್ತಿಕೊಂಡ ಆಯುಧಗಳು ಕೂಡ ಅದೇ ಪಟ್ಟಿಗಳಲ್ಲಿ, ಅದೇ ಸಾಲಿನಲ್ಲಿ ನಿಂತಿವೆ. ಹೇಗೆ ಬಂತೆಂಬುದನ್ನು ಬರೆದಿಡದಿದ್ದಾಗ ಉಡುಗೊರೆಗೂ ಲೂಟಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಸಂಗ್ರಹಕಾರರಿಗೆ ಒಂದು ಉತ್ತರವಿದೆ: ನಾವು ಉಳಿಸದಿದ್ದರೆ ಇವು ಗೆದ್ದಲು ಹಿಡಿಯುತ್ತಿದ್ದವು. ಇದರಲ್ಲಿ ಸತ್ಯಾಂಶವಿದೆ. ಲಂಡನ್ನಿನ ವ್ಯಾಪಾರಿ ವಿಲಿಯಂ ಓಲ್ಡ್‌ಮನ್ ಕೂಡಿಸಿದ ಪಾಲಿನೇಶ್ಯದ ಸಂಗ್ರಹವನ್ನು 1948ರಲ್ಲಿ ನ್ಯೂಜಿಲೆಂಡ್ ಸರ್ಕಾರವೇ ಕೊಂಡು ತನ್ನ ವಸ್ತುಸಂಗ್ರಹಾಲಯಗಳಿಗೆ ಹಂಚಿತು. ಆದರೆ ಅದೇ ಕಾಲದ ಇಂಗ್ಲೆಂಡಿನಲ್ಲಿ ಜೇಮ್ಸ್ ಲಿಟಲ್ ಎಂಬ ವ್ಯಾಪಾರಿ ಮಾವೊರಿ ವಸ್ತುಗಳ ನಕಲಿಗಳನ್ನು ತಾನೇ ಕೆತ್ತಿ ಅಸಲಿಯೆಂದು ಮಾರಿದ್ದನು. ವಸ್ತುವಿನ ರೂಪವನ್ನಷ್ಟೇ ಪ್ರೀತಿಸಿ ಅದರ ಚರಿತ್ರೆಯನ್ನು ಕೇಳದ ಕೊಳ್ಳುಗರಿದ್ದುದರಿಂದಲೇ ಅವನ ವ್ಯಾಪಾರ ನಡೆಯಿತು.

ಈ ಮಾತು ನಮಗೇಕೆ? 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವು ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೇಜರ್ ಜನರಲ್ ಬೇರ್ಡ್‌ನ ಪಾಲಾದ ಖಡ್ಗವದು. ಟಿಪ್ಪುವನ್ನು ಕುರಿತು ಭಿನ್ನಾಭಿಪ್ರಾಯವುಳ್ಳವರೂ ಅಂದು ತುಸು ನೊಂದುಕೊಂಡದ್ದನ್ನು ನಾವು ಬಲ್ಲೆವು. ನಾಡಿನಿಂದ ದೂರವಿರುವ ನಮಗೆ ಅಂಥ ಸುದ್ದಿ ಇನ್ನಷ್ಟು ನಾಟುತ್ತದೆ. ಹಾಗಿದ್ದೂ ಗಾಜಿನ ಪೆಟ್ಟಿಗೆಯಲ್ಲಿರುವ ಮಾರ್ಕೇಸಸ್ ಗದೆಯ ಮುಂದೆ ನಿಂತಾಗ 'ಎಂಥ ಕೆತ್ತನೆ!' ಎಂದಷ್ಟೇ ಹೇಳಿ ಮುಂದೆ ನಡೆಯುತ್ತೇವೆ. ನಮ್ಮದು ಹೋದರೆ ಲೂಟಿ, ಪರರದು ಕಂಡರೆ ಕಲೆ ಎನ್ನುವುದು ನ್ಯಾಯವಲ್ಲ.

ಮಾವೊರಿಗಳಲ್ಲಿ ಹಸಿರುಶಿಲೆಯನ್ನು ಉಜ್ಜಿ ಉಜ್ಜಿ ರೂಪಿಸಿದ 'ಮೆರೆ' ಎಂಬ ಕಿರುಗದೆಗಳಿಗೆ ಸ್ವಂತ ಹೆಸರುಗಳಿರುತ್ತಿದ್ದವು. ತಲೆಮಾರಿನಿಂದ ತಲೆಮಾರಿಗೆ ಕೈದಾಟುತ್ತ, ಹಿಡಿದವರ ಗೌರವವನ್ನು ತಮ್ಮಲ್ಲಿ ತುಂಬಿಕೊಂಡು ಅವು ಹಿರಿಯರಂತೆಯೇ ಮಾನ್ಯವಾಗುತ್ತಿದ್ದವು. ಅಂಥ ಒಂದನ್ನು 'ಪ್ರಾಚೀನ ಆಯುಧ, ಸುಸ್ಥಿತಿಯಲ್ಲಿದೆ' ಎಂದು ಮಾರುವುದು ಮನೆತನದ ಹಿರಿಯರನ್ನು ತೂಕಕ್ಕೆ ಹಾಕಿದಂತೆ. ನ್ಯೂಜಿಲೆಂಡಿನ 1975ರ ಕಾನೂನು ಇಂಥವುಗಳ ಸಾಗಣೆಯನ್ನು ನಿಯಂತ್ರಿಸುತ್ತದೆ. ಆದರೆ ಅದಕ್ಕೂ ಬಹಳ ಹಿಂದೆಯೇ ಕಡಲು ದಾಟಿದವುಗಳಿಗೆ ಅದರ ಕೈ ನಿಲುಕದು. ಅಲ್ಲಿ ಕೆಲಸ ಮಾಡಬೇಕಾದುದು ಒಡೆಯನ ಮನಸ್ಸಾಕ್ಷಿ.

ಆದುದರಿಂದ ನಮ್ಮ ನಿಲುವು ಹೀಗಿದೆ. ಮಾರಾಟಕ್ಕೆಂದೇ ಕೆತ್ತಿದ್ದು, ಒಪ್ಪಿ ಕೊಟ್ಟದ್ದು ಸಂಗ್ರಹಕಾರರ ಬಳಿ ಇರಲಿ. ಹೆಸರುಳ್ಳದ್ದು, ವಂಶಕ್ಕೆ ಸೇರಿದ್ದು, ಬಲವಂತದಿಂದ ಪಡೆದದ್ದು ಹಿಂದಿರುಗಲಿ. ಎರಡರ ನಡುವಿನ ಅನುಮಾನದ ವಸ್ತುಗಳ ದಾಖಲೆಗಳನ್ನಾದರೂ ಆ ಜನರ ಮುಂದೆ ತೆರೆದಿಡಲಿ.

ಇದು ಆಗದ ಮಾತಲ್ಲ. 1770ರಲ್ಲಿ ಕುಕ್‌ನ ತಂಡ ಆಸ್ಟ್ರೇಲಿಯದ ಬಾಟನಿ ಕೊಲ್ಲಿಯಿಂದ ಎತ್ತಿಕೊಂಡು ಹೋದ ಸುಮಾರು 40 ಈಟಿಗಳಲ್ಲಿ ಉಳಿದಿದ್ದ ನಾಲ್ಕನ್ನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು 2024ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೆ ಮರಳಿಸಿತು. ಪಾಲಿನೇಶ್ಯದ ನೆರೆಯ ಫಿಜಿಯ ಕಥೆ ಇನ್ನೂ ಹಳೆಯದು. 1874ರಲ್ಲಿ ದ್ವೀಪಗಳು ಬ್ರಿಟನ್ನಿನ ವಶವಾದಾಗ ದೊರೆ ಥಕೊಂಬೌ ತನ್ನ ಯುದ್ಧಗದೆಯನ್ನು ರಾಣಿ ವಿಕ್ಟೋರಿಯಾಳಿಗೆ ಒಪ್ಪಿಸಿದನು. 1932ರಲ್ಲಿ ಅದು ಫಿಜಿಗೆ ಮರಳಿತು. ಇಂದು ಅದು ಅಲ್ಲಿನ ಸಂಸತ್ತಿನ ರಾಜದಂಡ. ಗಿರ್ಮಿಟ್ ಕರಾರಿನಲ್ಲಿ ಹೋದ ಭಾರತೀಯ ಕೂಲಿಗಳ ಮೊಮ್ಮಕ್ಕಳೂ ಆ ಗದೆಯ ಎದುರಿನಲ್ಲೇ ಕುಳಿತು ಆ ದೇಶದ ಕಾನೂನು ಮಾಡಿದ್ದಾರೆ. ಯಾರ ಗೋಡೆಯ ಮೇಲೆ ತೂಗಿದ್ದರೂ ಅದಕ್ಕೆ ಈ ಬಾಳು ಸಿಗುತ್ತಿರಲಿಲ್ಲ.